ಪಿಡುಗು, ಪರಿಸರ, ಪಶ್ಚಾತ್ತಾಪ

ಪಿಡುಗು ಬಂದಾಗಲೆಲ್ಲ ‘ಇದು ಯಾರ ಪಾಪದ ಫಲ?’ ಎಂಬ ಪ್ರಶ್ನೆ ವಿಶ್ವಾಸಿಗಳ ನಡುವೆ ಏಳುತ್ತದೆ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ ಜನರ ಮನಸ್ಸಿನಲ್ಲಿದ್ದುದೂ ಇದೇ ಪ್ರಶ್ನೆ (ಲೂಕ 13:1-5). ಸತ್ತವರು ಇತರರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದು ಪ್ರಭು ಯೇಸು ಸ್ಪಷ್ಟಪಡಿಸಿದರು. ಜೊತೆಗೇ ಬದುಕಿರುವವರನ್ನು ಪಶ್ಚಾತ್ತಾಪಕ್ಕೆ ಕರೆದರು. ಸತ್ತವರಲ್ಲಿ ತಪ್ಪಿಲ್ಲವೆಂದ ಮೇಲೆ ಪಶ್ಚಾತ್ತಾಪ ಯಾತಕ್ಕಾಗಿ? ಇದನ್ನು ಅರಿಯಲು ಇತಿಹಾಸದ ಸಂಶೋಧನೆಯೊಂದು ನಮಗೆ ನೆರವಾಗುತ್ತದೆ.

ಇತಿಹಾಸಕಾರ ಬ್ರೂಸ್ ಕ್ಯಾಂಪ್‌ಬೆಲ್ ಅವರ ‘ದಿ ಗ್ರೇಟ್ ಟ್ರಾನ್ಸಿಷನ್’ 2016ರಲ್ಲಿ ಪ್ರಕಟವಾಯಿತು. ಮರದ ಬಳೆಗಳು ಹೇಳುವ ಹವಾಮಾನದ ಕಥೆಯನ್ನು ಅವರು ಮಧ್ಯಯುಗದ ಜಮೀನಿನ ಲೆಕ್ಕಪತ್ರಗಳೊಡನೆ ಜೋಡಿಸಿ ಓದುತ್ತಾರೆ. ಹವಾಮಾನ ಏರುಪೇರಾಯಿತು, 1315ರಿಂದ ಯುರೋಪಿನಲ್ಲಿ ಮಹಾಕ್ಷಾಮ ತಲೆದೋರಿತು, 1319ರ ಸುಮಾರಿಗೆ ಇಂಗ್ಲೆಂಡಿನ ದನಕರುಗಳು ರೋಗದಿಂದ ಸತ್ತವು, 1348ರಲ್ಲಿ ಅದೇ ನಾಡಿಗೆ ಪ್ಲೇಗು ಕಾಲಿಟ್ಟಿತು. ರೋಗಾಣುವೊಂದೇ ಆ ದುರಂತದ ಪೂರ್ಣ ಕಾರಣವಲ್ಲ. ಹವಾಮಾನ, ಪ್ರಾಣಿಲೋಕ, ವ್ಯಾಪಾರ ಹಾಗೂ ಬಡತನಗಳು ಒಂದರೊಡನೊಂದು ಹೆಣೆದುಕೊಂಡಿದ್ದವು ಎಂಬುದು ಅವರ ವಾದದ ತಿರುಳು.

ಇಂಥ ಅಧ್ಯಯನಕ್ಕೆ ಆಧಾರವಾದ ಕಡತಗಳಲ್ಲಿ ಹಲವು ಧರ್ಮಸಭೆಯವೇ ಆಗಿವೆ. ವಿಂಚೆಸ್ಟರಿನ ಮೇತ್ರಾಣಿಗಳ ಜಮೀನಿನ ಲೆಕ್ಕ 1208-09ರಿಂದಲೇ ದೊರೆಯುತ್ತದೆ. ಧರ್ಮಸಭೆ ಅಂದು ಸಾಂತ್ವನ ಹೇಳುವ ತಾಯಿಯಾಗಿದ್ದಂತೆ ಗೇಣಿ ಪಡೆಯುವ ಒಡೆಯಳೂ ಆಗಿತ್ತು. ಪ್ಲೇಗಿನ ನಂತರ ಕೂಲಿಯಾಳುಗಳು ವಿರಳರಾಗಿ ಕೂಲಿ ಏರತೊಡಗಿದಾಗ, 1349 ಹಾಗೂ 1351ರ ಕಾನೂನುಗಳು ಅದನ್ನು ಹಳೆಯ ದರಕ್ಕೇ ಕಟ್ಟಿಹಾಕಲು ಯತ್ನಿಸಿದವು.

ಈ ದೃಷ್ಟಿಯಿಂದ ನಮ್ಮ ನಾಡಿನ ಚರಿತ್ರೆಯನ್ನೂ ನೋಡಬಹುದು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876-78ರ ಕ್ಷಾಮದ ಬಳಿಕ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಾಗಲಗುಂಟೆಯಿಂದ ಹೆಸರಘಟ್ಟ ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ಸಿಲುವೆಪುರವು ಆ ಕ್ಷಾಮದಲ್ಲಿ ಅನಾಥರಾದ ಮಕ್ಕಳಿಗಾಗಿ ಕಥೋಲಿಕ ಮಿಷನರಿಗಳು ನೆಲೆಗೊಳಿಸಿದ ಊರು. ಎರಡು ದಶಕಗಳ ನಂತರ, 1896ರಲ್ಲಿ, ಮುಂಬಯಿಯ ದವಸದ ಉಗ್ರಾಣಗಳಿದ್ದ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1898ರ ಆಗಸ್ಟಿನಲ್ಲಿ ಅದು ರೈಲುಮಾರ್ಗವಾಗಿ ಬೆಂಗಳೂರಿಗೆ ಬಂತು. ಕ್ಷಾಮವೇ ಪ್ಲೇಗನ್ನು ತಂದಿತೆಂದು ಇದರ ಅರ್ಥವಲ್ಲ. ದವಸ ಸಾಗಿದ ದಾರಿಯಲ್ಲೇ ಇಲಿಗಳೂ ಚಿಗಟಗಳೂ ಸಾಗಿದವು. ಗಾಳಿಬೆಳಕಿಲ್ಲದ, ಒತ್ತೊತ್ತಾದ ಮನೆಗಳಲ್ಲಿದ್ದವರು ಮೊದಲು ಬಲಿಯಾದರು.

ಪ್ಲೇಗು ನಗರದ ರೂಪವನ್ನೇ ಬದಲಿಸಿತು. ಅದಾಗಲೇ ರೂಪುಗೊಳ್ಳುತ್ತಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗನೆ ಬೆಳೆದವು. ದಂಡುಪ್ರದೇಶದ ಇಕ್ಕಟ್ಟನ್ನು ತಗ್ಗಿಸಲು ಫ್ರೇಜರ್ ಟೌನ್ ನಿರ್ಮಾಣವಾಯಿತು. ಸಂತ ಪೇತ್ರರ ಗುರುಮಠವಿರುವುದೂ ಮಲ್ಲೇಶ್ವರದಲ್ಲೇ. ವಿಶಾಲ ಬೀದಿಯ ನಿವೇಶನವನ್ನು ಕೊಳ್ಳಬಲ್ಲವರು ಹೊರಬಂದರು. ಕೊಳ್ಳಲಾರದವರು ಇದ್ದಲ್ಲೇ ಉಳಿದು, ಪ್ಲೇಗಮ್ಮನಿಗೆ ಹರಕೆ ಹೊತ್ತರು. ಅವರ ಭಯವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆ ಭಯಕ್ಕೆ ಆಧಾರವಿರಲಿಲ್ಲವೆಂದು ಹೇಳಲಾಗದು.

ದೈವಶಾಸ್ತ್ರ ಇಲ್ಲಿ ಎರಡು ಅಪಾಯಗಳಿಂದ ದೂರವಿರಬೇಕು. ಮೊದಲನೆಯದು, ಪಿಡುಗಿಗೆ ಅಪರಾಧಿಯನ್ನು ಹುಡುಕುವುದು. ಯೆಹೂದ್ಯರು ಬಾವಿಗಳಿಗೆ ವಿಷ ಬೆರೆಸಿದರೆಂಬ ಸುಳ್ಳು 1348ರಲ್ಲಿ ಹರಡಿದಾಗ ಆರನೆಯ ಕ್ಲೆಮೆಂಟ್ ಪೋಪ್ ಅದನ್ನು ಖಂಡಿಸಿ, ಯೆಹೂದ್ಯರೂ ಅದೇ ರೋಗದಿಂದ ಸಾಯುತ್ತಿದ್ದಾರೆಂದು ತಿಳಿಸಿದರು. ಆದರೂ 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಯೆಹೂದ್ಯರನ್ನು ಸುಡಲಾಯಿತು. ಎರಡನೆಯದು, ಎಲ್ಲವೂ ಪ್ರಕೃತಿಯ ಆಟವೆಂದು ಕೈತೊಳೆದುಕೊಳ್ಳುವುದು. ಕಾರಣಗಳನ್ನು ಅರಿತ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ಬದಲಾಗಿ, ಅದು ಎಲ್ಲಿದೆಯೆಂದು ಗೊತ್ತಾಗುತ್ತದೆ. ರೋಗಾಣು ಯಾರ ಪಾಪವೂ ಅಲ್ಲ. ಬಡವರನ್ನು ಅದರ ಬಾಯಿಗೆ ನೂಕುವ ಇಕ್ಕಟ್ಟಾದ ವಸತಿ, ಬಿಗಿದ ಕೂಲಿ, ಬರಿದಾದ ನೆಲ ಇವು ಮಾನವರ ಕೃತ್ಯಗಳು. ಭೂಮಿಯ ಮೊರೆ ಮತ್ತು ಬಡವರ ಮೊರೆಯನ್ನು ಒಟ್ಟಾಗಿ ಆಲಿಸುವಂತೆ 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಫ್ರಾನ್ಸಿಸ್ ಪೋಪರು ಕರೆದದ್ದೂ ಇದಕ್ಕಾಗಿಯೇ.

ಸಿಲೋವಾಮಿನ ಗೋಪುರ ಕುಸಿದದ್ದು ಸತ್ತವರ ಪಾಪದಿಂದಲ್ಲ. ಅದರ ನೆರಳಿನಲ್ಲಿ ಬದುಕುವವರು ಯಾರು, ಅವರನ್ನು ಅಲ್ಲಿ ಇರಿಸಿದವರು ಯಾರು ಎಂದು ಕೇಳಿಕೊಳ್ಳುವುದೇ ಬದುಕಿರುವವರ ಪಶ್ಚಾತ್ತಾಪದ ಆರಂಭ. ಧರ್ಮಸಭೆ ಆ ಪ್ರಶ್ನೆಯನ್ನು ತನ್ನ ಲೆಕ್ಕಪುಸ್ತಕಗಳಿಂದಲೇ ಮೊದಲಿಡಬೇಕು.