ಮಸೂದೆ ಪಾಸಾದರೆ ಕಾಯಿದೆ ಆಯಿತೇ?

2020ರ ಸೆಪ್ಟೆಂಬರಿನಲ್ಲಿ ಬೋರನಕಣಿವೆಯ ಒಂದು ತೋಟದಲ್ಲಿ ನಾಲ್ಕೈದು ಮಂದಿ ರೈತರಿಗೆ ತೆಂಗಿನ ಕಪ್ಪುತಲೆ ಹುಳುವಿನ ಹತೋಟಿ ತಿಳಿಸುತ್ತಿದ್ದೆ. ಹಿರಿಯರೊಬ್ಬರು ನಡುವೆಯೇ ಕೇಳಿದರು: "ಹುಳದ ಮಾತು ಆಮೇಲಿರಲಿ ಸ್ವಾಮಿ. ಅಟ್ಟದ ಮೇಲೆ ಹನ್ನೊಂದು ತಿಂಗಳ ಕೊಬ್ಬರಿ ಇದೆ. ದಿಲ್ಲೀಲಿ ಮಸೂದೆ ಪಾಸಾಯ್ತಂತೆ. ತಿಪಟೂರಿಗೇ ಹಾಕಬೇಕೋ, ಮನೆ ಬಾಗಿಲಲ್ಲೇ ಕೊಡಬಹುದೋ?"

"ರಾಷ್ಟ್ರಪತಿಗಳ ಅಂಕಿತ ಬೀಳುವ ತನಕ ಏನೂ ಬದಲಾಗದು" ಎಂದುಬಿಟ್ಟೆ. ಅದು ತಪ್ಪು ಉತ್ತರ. ಜೂನ್ 5ರಿಂದಲೇ ಅದೇ ವಿಷಯದ ಸುಗ್ರೀವಾಜ್ಞೆ ಜಾರಿಯಲ್ಲಿತ್ತು. ಸದನ ಸೇರಿರದ ಕಾಲದಲ್ಲಿ ಹೊರಡಿಸುವ ಈ ಆಜ್ಞೆಗೆ ಕಾಯಿದೆಯಷ್ಟೇ ಬಲ. ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಮಸೂದೆಯಾಗಿ ಅಂಗೀಕಾರವಾಗದಿದ್ದರೆ ಬಿದ್ದುಹೋಗುತ್ತದೆ.

ಮಸೂದೆಯೆಂದರೆ ಕಾಯಿದೆಯ ಕರಡು. ಮೊದಲು ಮಂಡನೆ. ಎರಡನೆಯ ಹಂತದಲ್ಲಿ ಒಂದೊಂದು ಖಂಡವನ್ನೂ ಚರ್ಚಿಸಿ ತಿದ್ದುತ್ತಾರೆ. ಬೇಕೆನಿಸಿದರೆ ಸದಸ್ಯರ ಸಮಿತಿಗೆ ಒಪ್ಪಿಸುತ್ತಾರೆ. ರೈತನ ಮಾತು ಒಳಸೇರಲು ಎಡೆಯಿರುವುದು ಇಲ್ಲಿಯೇ. ಮೂರನೆಯದು ಅಂಗೀಕಾರ. ಬಳಿಕ ಇನ್ನೊಂದು ಸದನ, ಅಂಕಿತ, ರಾಜ್ಯಪತ್ರದಲ್ಲಿ ಪ್ರಕಟಣೆ.

ಕೃಷಿ, ಸಂತೆ, ಮಾರುಕಟ್ಟೆಗಳು ರಾಜ್ಯಪಟ್ಟಿಯ ವಿಷಯಗಳು. ನಮ್ಮ ಮಾರುಕಟ್ಟೆ ಸಮಿತಿಗಳು ನಡೆಯುವುದು 1966ರ ರಾಜ್ಯದ ಕಾಯಿದೆಯ ಮೇಲೆ. ಆದರೆ ಆಹಾರ ಪದಾರ್ಥಗಳ, ಖಾದ್ಯ ಎಣ್ಣೆಕಾಳುಗಳ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವು ಆ ಬಾಗಿಲಿನಿಂದ ಬಂದಿತು.

ಲೋಕಸಭೆ ಸೆಪ್ಟೆಂಬರ್ 17ರಂದು, ರಾಜ್ಯಸಭೆ 20ರಂದು ಒಪ್ಪಿದವು. ಸಮಿತಿಗೆ ಕಳುಹಿಸಿರೆಂಬ ಬೇಡಿಕೆ ನಡೆಯಲಿಲ್ಲ. ರಾಜ್ಯಸಭೆಯಲ್ಲಿ ಧ್ವನಿಮತದಿಂದಲೇ ಮುಗಿಯಿತು. 27ರಂದು ರಾಜ್ಯಪತ್ರಕ್ಕೆ ಬಂತು. ಪ್ಯಾನ್ ಸಂಖ್ಯೆಯುಳ್ಳ ವ್ಯಾಪಾರಿ ಪ್ರಾಂಗಣದ ಹೊರಗೆ ಮಾರುಕಟ್ಟೆ ಶುಲ್ಕವಿಲ್ಲದೆ ಕೊಳ್ಳಬಹುದೆಂಬುದು ಎಲ್ಲರ ಬಾಯಲ್ಲಿತ್ತು. ಹಣದ ತಕರಾರು ಎದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಉಪವಿಭಾಗಾಧಿಕಾರಿಯ ಮುಂದೆಯೇ ಹೋಗಬೇಕೆಂಬ ಖಂಡವನ್ನು ಮಾತ್ರ ನಾನು ಕಂಡ ಯಾರೂ ಓದಿರಲಿಲ್ಲ. ಕೊಬ್ಬರಿ ಕೊಟ್ಟು ದುಡ್ಡಿಗೆ ಅಲೆದವರಿಗೆ ಅದರ ತೂಕ ಗೊತ್ತು.

2021ರ ಜನವರಿ 12ರಂದು ಸುಪ್ರೀಂ ಕೋರ್ಟು ತಡೆ ನೀಡಿತು. ರೈತರ ದೀರ್ಘ ಚಳವಳಿಯ ನಂತರ ನವೆಂಬರ್ 29ರಂದು ರದ್ದು ಮಸೂದೆ ಎರಡೂ ಸದನಗಳಲ್ಲಿ ಒಂದೇ ದಿನ ಪಾಸಾಯಿತು. ಅಂದೂ ಚರ್ಚೆ ನಡೆಯಲಿಲ್ಲ!

ರಾಜ್ಯದ ದಾರಿಯೂ ಹೆಚ್ಚುಕಡಿಮೆ ಇದೇ. 224 ಸದಸ್ಯರ ವಿಧಾನಸಭೆ ಒಪ್ಪಿದ್ದನ್ನು 75 ಸದಸ್ಯರ ಪರಿಷತ್ತು ಮೊದಲ ಸಲ ಮೂರು ತಿಂಗಳು, ಮತ್ತೆ ಬಂದರೆ ಒಂದು ತಿಂಗಳು ತಡೆಯಬಹುದು. ಕೊನೆಗೆ ಸಭೆಯದೇ ಮೇಲುಗೈ. 2020ರಲ್ಲಿ ರಾಜ್ಯವೂ ತನ್ನ ಮಾರುಕಟ್ಟೆ ಕಾಯಿದೆಯನ್ನು ಸುಗ್ರೀವಾಜ್ಞೆಯಿಂದಲೇ ಬದಲಿಸಿತ್ತು. ಆ ಬದಲಾವಣೆ ತೆಗೆಯುವ ಮಸೂದೆ 2023ರ ಜುಲೈನಲ್ಲಿ ವಿಧಾನಸಭೆಯಲ್ಲಿ ಗೆದ್ದರೂ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿತು.

ಇನ್ನು, ಅಂಕಿತ ಬಿದ್ದೊಡನೆ ಫಲ ಕೈಗೆ ಬರುವುದೂ ಇಲ್ಲ. ತೆಂಗು ಅಭಿವೃದ್ಧಿ ಮಂಡಳಿಯ ಕಾಯಿದೆ 1979ರದು. ಮಂಡಳಿ ಅಸ್ತಿತ್ವಕ್ಕೆ ಬಂದದ್ದು 1981ರ ಜನವರಿ 12ರಂದು.

ಆದ್ದರಿಂದ ಪತ್ರಿಕೆಯಲ್ಲಿ "ಮಸೂದೆ" ಎಂದು ಕಂಡಾಗ ಯಾವ ಸದನ, ಯಾವ ಹಂತ, ಹಿಂದೆ ಸುಗ್ರೀವಾಜ್ಞೆ ಇದೆಯೇ ಎಂದು ನೋಡಿರಿ. ರಾಜ್ಯದ ಮಸೂದೆಯಾದರೆ ಕನ್ನಡ ಪ್ರತಿಯನ್ನು ಶಾಸಕರಿಂದ ಕೇಳಿ ಪಡೆದು ವಾಚನಾಲಯದಲ್ಲಿ ಗಟ್ಟಿಯಾಗಿ ಓದಿಸಿರಿ. "ವಿರೋಧವಿದೆ" ಎಂದಷ್ಟೇ ಬರೆದರೆ ಸಾಲದು. ಖಂಡದ ಸಂಖ್ಯೆ, ಅದರಿಂದಾಗುವ ತೊಂದರೆ, ನಿಮಗೆ ಬೇಕಾದ ತಿದ್ದುಪಡಿ ಇವಿಷ್ಟನ್ನೂ ಬರೆದು, ಚರ್ಚೆಗೆ ಮೊದಲೇ ಶಾಸಕರ ಕೈಗೆ ಕೊಡಿರಿ. ಮಸೂದೆ ಸಮಿತಿಯ ಮುಂದಿದ್ದರೆ ಅಲ್ಲಿಗೂ ಒಂದು ಪ್ರತಿ ಕಳುಹಿಸಿರಿ.