ಇಂಗಾಲದ ಲೆಕ್ಕವೂ ಪ್ರದೇಶಗಳ ನ್ಯಾಯವೂ

ಒಡಿಶಾದ ಅಂಗುಲ್ ಜಿಲ್ಲೆಯ ತಾಲ್ಚೇರ್ ಪ್ರದೇಶದಲ್ಲಿ, ಕನಿಹಾ ಎಂಬಲ್ಲಿ, 3,000 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವೊಂದುಂಟು. ಇದರಲ್ಲಿ 2,000 ಮೆಗಾವಾಟಿನ ಘಟಕಗಳನ್ನು ಮುಖ್ಯವಾಗಿ ದಕ್ಷಿಣದ ರಾಜ್ಯಗಳಿಗೆಂದೇ ಸ್ಥಾಪಿಸಲಾಯಿತು. 2003ರಲ್ಲಿ ಸಿದ್ಧವಾದ, ಸುಮಾರು 1,400 ಕಿಲೋಮೀಟರ್ ಉದ್ದದ ತಂತಿಮಾರ್ಗವು ಆ ವಿದ್ಯುತ್ತನ್ನು ನಮ್ಮ ಕೋಲಾರಕ್ಕೆ ತರುತ್ತದೆ. ಕಲ್ಲಿದ್ದಲು ಉರಿಯುವುದು ಅಲ್ಲಿ, ದೀಪ ಬೆಳಗುವುದು ಇಲ್ಲಿ.

ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತನ್ನು ಪಡೆಯುವಾಗ ಸುಮಾರು ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಉತ್ಪಾದನೆಯ ಸ್ಥಳವನ್ನು ಹಿಡಿದು ಎಣಿಸಿದರೆ ಇದು ಒಡಿಶಾದ ಹೊರೆ. ಬಳಕೆಯ ಸ್ಥಳವನ್ನು ಹಿಡಿದರೆ ಬಹುಪಾಲು ದಕ್ಷಿಣದವರದು. ಲೆಕ್ಕವು ಯಾವ ಬಗೆಯದೆಂದು ಕೇಳದೆಯೇ ಒಂದು ಪ್ರಾಂತವನ್ನು ಮಲಿನವೆಂದೂ ಮತ್ತೊಂದನ್ನು ನಿರ್ಮಲವೆಂದೂ ಕರೆಯುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲದ ಅವಸರ.

ಅನಿಲವೇನೋ ಗಡಿಯನ್ನರಿಯದೆ ವಾತಾವರಣದಲ್ಲಿ ಬೆರೆತುಹೋಗುತ್ತದೆ. ಬೂದಿ, ಧೂಳು, ಅಗೆದ ನೆಲ ಇವು ಅಲ್ಲಿಯೇ ಉಳಿಯುತ್ತವೆ. ವರಮಾನದ ಸ್ಥಿತಿ ಇದಕ್ಕೆ ವಿಪರೀತ. ಸಂವಿಧಾನದ ಏಳನೆಯ ಅನುಸೂಚಿಯು ರಾಜ್ಯಗಳಿಗೆ ಕೊಟ್ಟಿರುವುದು ವಿದ್ಯುತ್ತಿನ ಬಳಕೆ ಅಥವಾ ಮಾರಾಟದ ಮೇಲಿನ ತೆರಿಗೆಯನ್ನು. ಅಂತರರಾಜ್ಯ ಮಾರಾಟದ ಮೇಲೆ ಉತ್ಪಾದಕ ರಾಜ್ಯವು ತೆರಿಗೆ ವಿಧಿಸಲಾಗದೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿತು. ಗಣಿಗೆ ರಾಜಧನವುಂಟು; 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಒಂದು ಅಂಶ ಸಲ್ಲುತ್ತದೆ. ಆದರೆ ಅದು ಅಗೆದುದಕ್ಕೆ ಬಂದ ಹಣವೇ ಹೊರತು ಉರಿಸಿದುದಕ್ಕಲ್ಲ.

ಉರಿಸುವುದರ ಮೇಲೆ ಹೊರೆ ಹಾಕುವ ಯತ್ನವೂ ನಡೆಯದೆ ಇರಲಿಲ್ಲ. 2010ರಲ್ಲಿ ಕಲ್ಲಿದ್ದಲಿನ ಪ್ರತಿ ಟನ್ನಿಗೆ 50 ರೂಪಾಯಿಯ ಉಪಕರವನ್ನು ವಿಧಿಸಲಾಯಿತು. 2016ರಲ್ಲಿ ಅದು 400 ರೂಪಾಯಿಗೇರಿತು. ಶುದ್ಧ ಇಂಧನದ ಅಭಿವೃದ್ಧಿ ಅದರ ಉದ್ದೇಶವಾಗಿತ್ತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಾಗ ಅದೇ 400 ರೂಪಾಯಿ ‘ಪರಿಹಾರ ಉಪಕರ’ವೆನಿಸಿತು. ಪರಿಹಾರವೆಂಬ ಹೆಸರಿದ್ದರೂ ಅದು ಸಂದದ್ದು ಹೊಸ ತೆರಿಗೆಯಿಂದ ವರಮಾನ ಕುಂದಿದ ರಾಜ್ಯಗಳಿಗೆ. ಬೂದಿಯ ನಡುವೆ ಬಾಳುವವರಿಗಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಉಪಕರವೂ ಕಲ್ಲಿದ್ದಲಿನ ಮಟ್ಟಿಗೆ ರದ್ದಾಯಿತು. ತೆರಿಗೆಯ ದರ ಶೇಕಡ 5ರಿಂದ 18ಕ್ಕೇರಿತು.

ನ್ಯಾಯವಾದ ಪರಿಹಾರಕ್ಕೆ ಮಾದರಿಗಳಿಲ್ಲವೆನ್ನುವಂತಿಲ್ಲ. ಕೇಂದ್ರದ ಜಲವಿದ್ಯುತ್ ಯೋಜನೆಗಳಲ್ಲಿ, ಯೋಜನೆಯಿರುವ ರಾಜ್ಯಕ್ಕೆ ಶೇಕಡ 12ರಷ್ಟು ವಿದ್ಯುತ್ತು ಉಚಿತ. ಶಾಖೋತ್ಪನ್ನ ಕೇಂದ್ರವಿರುವ ರಾಜ್ಯವಾದರೋ ತನ್ನ ಪಾಲನ್ನು ಬೆಲೆ ಕೊಟ್ಟು ಪಡೆಯಬೇಕು. ತೆರಿಗೆಯ ಹಂಚಿಕೆಯಲ್ಲಿ 14ನೆಯ ಹಣಕಾಸು ಆಯೋಗವು ಅರಣ್ಯಕ್ಕೆ ಶೇಕಡ 7.5ರ ತೂಕವನ್ನಿತ್ತಿತು; 15ನೆಯದು ಅದನ್ನು 10ಕ್ಕೇರಿಸಿತು. ಕಾಡನ್ನು ಕಾಯ್ದವರಿಗೆ ಪಾಲು ದೊರೆತದ್ದು ಯುಕ್ತವೇ. ಕಲ್ಲಿದ್ದಲ ಜಿಲ್ಲೆಗಳ ವಿಷಯದಲ್ಲಿ ಜಲವಿದ್ಯುತ್ತಿನ ಮಾದರಿಯೇ ಹೆಚ್ಚು ಹೊಂದುವುದೆಂದು ನಮ್ಮ ಅಭಿಪ್ರಾಯ: ಬಳಸುವ ರಾಜ್ಯವು ಯೂನಿಟ್ಟಿಗಿಷ್ಟೆಂದು ಉತ್ಪಾದಕ ಜಿಲ್ಲೆಗೆ ಸಲ್ಲಿಸಬೇಕು. ಆಗ ಕರ್ನಾಟಕವು ಕೊಡುವವರ ಸಾಲಿನಲ್ಲಿ ನಿಲ್ಲಬೇಕಾದೀತೆಂಬುದನ್ನು ನಾವು ಮರೆಮಾಚುವುದಿಲ್ಲ.

ಇದೇ ಪ್ರಶ್ನೆಯನ್ನು ನಮ್ಮ ರಾಜ್ಯದೊಳಗೂ ಕೇಳಬೇಕಾಗಿದೆ. 1985ರಲ್ಲಿ ಆರಂಭವಾದ ರಾಯಚೂರಿನ ಕೇಂದ್ರವು ಇಂದು 1,720 ಮೆಗಾವಾಟಿನದು. ಅದರ ಕಲ್ಲಿದ್ದಲು ಹೊರಗಿನಿಂದ ಬರುತ್ತದೆ. ವಿದ್ಯುತ್ತು ನಾಡಿನ ಎಲ್ಲ ಕಡೆಗೂ, ಬೆಂಗಳೂರಿಗೂ ಹೋಗುತ್ತದೆ. ಬೂದಿಯ ಕೊಳ ಮಾತ್ರ ಕೃಷ್ಣೆಯ ದಡದಲ್ಲಿದೆ.