ಕೂತವರ ಹಸಿವು, ಓಡಿದವರ ಹಸಿವು

ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಮಂದಿಯ ಊಟ, ತೂಕ, ದುಡಿಮೆಗಳನ್ನು ಅಳೆದು ಪೋಷಣಾ ತಜ್ಞ ಜೀನ್ ಮೇಯರ್ ಮತ್ತು ಸಂಗಡಿಗರು 1956ರಲ್ಲಿ ವರದಿ ಪ್ರಕಟಿಸಿದರು. ಹಗುರ ಕೆಲಸದವರಿಗಿಂತ ಮೂಟೆ ಹೊರುವವರು ಹೆಚ್ಚು ಉಣ್ಣುತ್ತಿದ್ದರು. ಅದರಲ್ಲಿ ಅಚ್ಚರಿಯೇನಿಲ್ಲ. ಆದರೆ ಇಡೀ ದಿನ ಕೂತೇ ಇರುವ ಅಂಗಡಿಯವರೂ ಹಗುರ ಕೆಲಸದವರನ್ನು ಮೀರಿಸಿ ಉಣ್ಣುತ್ತಿದ್ದರು, ಮೈತೂಕವೂ ಅವರದೇ ಹೆಚ್ಚು! ಇಂಥ ಒಂದೇ ಸಮೀಕ್ಷೆಯಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಸಾಬೀತಾಗದು, ನಿಜ. ಆದರೂ 'ವ್ಯಾಯಾಮ ಮಾಡಿದರೆ ಹಸಿವು ಜಾಸ್ತಿ, ತಿಂದು ಮತ್ತೆ ದಪ್ಪಗಾಗುತ್ತೇವೆ' ಎಂಬ ನೆಪಕ್ಕೆ ಅದು ಅಂದೇ ಪೆಟ್ಟು ಕೊಟ್ಟಿತ್ತು.

ಹಸಿವಿನ ಕರೆಗಂಟೆ ಇರುವುದು ಜಠರದಲ್ಲಿ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಇಲಿಯ ಜಠರದಲ್ಲಿ ಪತ್ತೆಹಚ್ಚಿದ ಗ್ರೆಲಿನ್ ಎಂಬ ಹಾರ್ಮೋನು ಊಟದ ಹೊತ್ತು ಸಮೀಪಿಸಿದಂತೆ ರಕ್ತದಲ್ಲಿ ಏರಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಏದುಸಿರು ಬರುವಂತೆ ಓಡಿದಾಗ ಗ್ರೆಲಿನ್‌ನ ಸಕ್ರಿಯ ರೂಪ ಇಳಿಯುತ್ತದೆ. ಜೊತೆಗೆ 'ಸಾಕು' ಎನ್ನುವ ಕರುಳಿನ ಹಾರ್ಮೋನುಗಳಾದ ಪಿವೈವೈ, ಜಿಎಲ್‌ಪಿ-1 ಏರುತ್ತವೆ. ಓಡಿ ಬಂದ ಕೂಡಲೇ ತಿಂಡಿ ಬೇಡವೆನಿಸುವುದು ಇದರಿಂದಲೇ. ಆರಾಮದ ನಡಿಗೆಯಿಂದ ಇಷ್ಟು ವ್ಯತ್ಯಾಸವಾಗದು. ಓಟದ ಪ್ರಭಾವವೂ ತಾಸೆರಡು ತಾಸಿನಲ್ಲಿ ಕರಗುತ್ತದೆ.

2022ರಲ್ಲಿ ಈ ಕತೆಗೆ ಹೊಸ ಪಾತ್ರವೊಂದು ಸೇರಿತು. ಬಿರುಸಾಗಿ ದುಡಿಯುವ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟ್, ಫಿನೈಲ್‌ಅಲನೀನ್ ಎಂಬ ಅಮೈನೊ ಆಮ್ಲದೊಡನೆ ಬೆಸೆದು 'ಲ್ಯಾಕ್-ಫೆ' ಆಗುತ್ತದೆಂದು, ಅದು ಹಸಿವನ್ನು ತಗ್ಗಿಸುತ್ತದೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಬೇಲರ್ ಸಂಶೋಧಕರು ತೋರಿಸಿದರು. ಬೊಜ್ಜಿನ ಇಲಿಗಳಿಗೆ ಇದನ್ನು ಚುಚ್ಚಿದಾಗ ಮುಂದಿನ 12 ಗಂಟೆಗಳಲ್ಲಿ ಅವು ತಿಂದದ್ದು ಎಂದಿನ ಅರ್ಧದಷ್ಟು. ರೇಸ್ ಕುದುರೆಗಳಲ್ಲೂ ಮನುಷ್ಯರಲ್ಲೂ ಓಟದ ನಂತರ ಅದರ ಮಟ್ಟ ಏರುತ್ತದೆ. ಮನುಷ್ಯರಲ್ಲಂತೂ ಅತಿ ಹೆಚ್ಚು ಏರುವುದು ಪ್ರಾಣ ಹೋಗುವಂತೆ ಓಡಿದಾಗ. ಹಾಗೆಂದು ಇದನ್ನೇ ಮಾತ್ರೆ ಮಾಡಿ ನುಂಗುವ ಕನಸು ಕಾಣಲು ಅವಸರ ಬೇಡ. ಇಲಿಯ ಹೊಟ್ಟೆಯ ಲೆಕ್ಕ ಮನುಷ್ಯರ ತಟ್ಟೆಗೆ ಹಾಗೇ ಹೊಂದಿಕೊಳ್ಳುವುದು ಅಪರೂಪ.

ಹಾರ್ಮೋನುಗಳ ಮಾತನ್ನು ಪರಿಸರವೂ ಬದಲಿಸುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಯುವಕರು ನೀರಿನಲ್ಲಿ ಮುಳುಗಿ 45 ನಿಮಿಷ ಸೈಕಲ್ ತುಳಿದರು. ಒಮ್ಮೆ 33 ಡಿಗ್ರಿಯ ನೀರಿನಲ್ಲಿ, ಇನ್ನೊಮ್ಮೆ 20 ಡಿಗ್ರಿಯಲ್ಲಿ. ಸುಟ್ಟ ಕ್ಯಾಲೊರಿ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಬೆಚ್ಚನೆಯ ನೀರಿನಿಂದ ಎದ್ದು ಬಂದಾಗ ಅವರು ಸುಮ್ಮನೆ ಕೂತಿದ್ದ ದಿನದಷ್ಟೇ ತಿಂದರು. ತಣ್ಣೀರಿನಿಂದ ಬಂದಾಗ ಅದಕ್ಕಿಂತ 44% ಹೆಚ್ಚು ತಿಂದರು.